ಕಾರ್ಮಿಕರ ಬಡಾವಣೆಯೊಂದರ ಚರಿತ್ರೆ ಬರೆಯುವ ಬಗೆ: ಬೆಂಗಳೂರಿನ ಮಿಲ್ಲುಗಳ ಸುತ್ತಲಿನ ಬೀದಿಗಳಿಂದ

ಬೆಂಗಳೂರಿನ ಸಿಟಿ ರೈಲು ನಿಲ್ದಾಣದ ಹಿಂಬದಿಯಿಂದ ಮಾಗಡಿ ರಸ್ತೆಯವರೆಗೆ, ಬಿನ್ನಿಪೇಟೆಯಿಂದ ಗೋಪಾಲಪುರ, ಓಕಳಿಪುರ, ಶ್ರೀರಾಮಪುರದವರೆಗೆ ಹಬ್ಬಿರುವ ಬೀದಿಗಳಲ್ಲಿ ನಾನು ಹಲವು ವರ್ಷ ಟಿಪ್ಪಣಿ ಪುಸ್ತಕ ಹಿಡಿದು ತಿರುಗಿದ್ದೇನೆ. ಇಲ್ಲಿ ಹುಟ್ಟಿ ಬೆಳೆದ ಅನೇಕರಿಗೆ ತಮ್ಮ ಏರಿಯಾದ ಚರಿತ್ರೆ ಬರೆಯಬೇಕೆಂಬ ಆಸೆಯಿದೆ, ಆದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಆ ಕೆಲಸ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಷ್ಟರಲ್ಲಿ ನೆನಪಿದ್ದ ಹಿರಿಯರು ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ. ಅಂಥವರಿಗಾಗಿ ಈ ಬರಹ. ಉದಾಹರಣೆಗಳು ಬೆಂಗಳೂರಿನ ಮಿಲ್ಲು ಪ್ರದೇಶದವು. ದಾವಣಗೆರೆಯ ಹತ್ತಿ ಮಿಲ್ಲುಗಳ ಸುತ್ತಲಿನ ಕೇರಿಗಳಲ್ಲಿರುವವರೂ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದ ಆಸುಪಾಸಿನವರೂ ಇದೇ ಕ್ರಮವನ್ನು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು.

ಆರಂಭದಲ್ಲೇ ಒಂದು ಮಾತು ಹೇಳಬೇಕು. ಮಿಲ್ಲಿನ ಚರಿತ್ರೆ ಬೇರೆ, ಮಿಲ್ಲಿಗೆ ಹೋಗಿಬರುತ್ತಿದ್ದವರ ಬೀದಿಯ ಚರಿತ್ರೆ ಬೇರೆ. ಕಂಪನಿಯ ಕಾಗದಗಳಲ್ಲಿ ಕದಿರುಗಳ ಲೆಕ್ಕ, ಮಗ್ಗಗಳ ಲೆಕ್ಕ, ಲಾಭಾಂಶ ಸಿಗುತ್ತವೆ. ನೀರಿಗೆ ಎಷ್ಟು ಹೊತ್ತು ಸಾಲು ನಿಲ್ಲಬೇಕಿತ್ತು, ಬಾಡಿಗೆ ಯಾರ ಕೈಗೆ ಹೋಗುತ್ತಿತ್ತು, ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಎಲ್ಲಿ ಮಲಗುತ್ತಿದ್ದರು ಎಂಬುದು ಅಲ್ಲಿ ಸಿಗುವುದಿಲ್ಲ. ಬಡಾವಣೆಯನ್ನು ಕಟ್ಟಿದ್ದು ಈ ಎರಡನೆಯ ಬಗೆಯ ಸಂಗತಿಗಳು. ನಿಮ್ಮ ಬರವಣಿಗೆಯ ಬೆನ್ನೆಲುಬು ಅವೇ ಆಗಿರಲಿ.

ಎಲ್ಲೆ ಗುರುತಿಸುವುದು

ಪಾಲಿಕೆಯ ವಾರ್ಡಿನ ಗಡಿಯನ್ನು ನಿಮ್ಮ ಬಡಾವಣೆಯ ಗಡಿಯೆಂದು ತಿಳಿಯಬೇಡಿ. ವಾರ್ಡುಗಳು ಮತ್ತೆ ಮತ್ತೆ ವಿಂಗಡಣೆಯಾಗಿ ಹೆಸರನ್ನೂ ಗಡಿಯನ್ನೂ ಬದಲಿಸಿವೆ. ಮಿಲ್ಲಿನ ಗೇಟು ಇದ್ದ ಜಾಗವನ್ನು ಗುರುತು ಮಾಡಿಕೊಂಡು, ಅಲ್ಲಿಂದ ಅರ್ಧ ಗಂಟೆ ನಡೆದರೆ ಎಲ್ಲಿಗೆ ತಲುಪುತ್ತೀರೋ ಅಲ್ಲಿಯವರೆಗಿನ ಬೀದಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಸ್ಸಿಗೆ ಕಾಸಿಲ್ಲದ ಕಾಲದಲ್ಲಿ ಕಾರ್ಮಿಕರು ಸೈರನ್ನು ಕೇಳಿಸುವಷ್ಟು ದೂರದಲ್ಲೇ ಮನೆ ಹುಡುಕುತ್ತಿದ್ದರು. ಹಿರಿಯರನ್ನು ‘ನಿಮ್ಮ ಏರಿಯಾ ಎಲ್ಲಿಯವರೆಗೆ?’ ಎಂದು ಕೇಳುವುದಕ್ಕಿಂತ ‘ಸೈರನ್ನು ಎಲ್ಲಿಯವರೆಗೆ ಕೇಳಿಸುತ್ತಿತ್ತು?’ ಎಂದು ಕೇಳಿದರೆ ಹೆಚ್ಚು ನಿಖರವಾದ ಉತ್ತರ ಬರುತ್ತದೆಂಬುದು ನನ್ನ ಅನುಭವ. ಬಸ್ ನಿಲ್ದಾಣಗಳ ಹೆಸರುಗಳನ್ನೂ ಗಮನಿಸಿ. ಮಿಲ್ಲು ಹೋಗಿ ಎಷ್ಟೋ ವರ್ಷವಾದರೂ ಬಿನ್ನಿ ಮಿಲ್ ಎಂಬ ಹೆಸರು ಜನರ ಬಾಯಲ್ಲಿ ಇನ್ನೂ ಉಳಿದಿದೆ.

ಅನಂತರ ಹಾಳೆಯೊಂದನ್ನು ಎರಡು ಅಂಕಣಗಳಾಗಿ ಮಾಡಿ. ಎಡಗಡೆ ನಗರದ ಇಸವಿಗಳು, ಬಲಗಡೆ ನಿಮ್ಮ ಬೀದಿಯ ಇಸವಿಗಳು. ಎಡ ಅಂಕಣವನ್ನು ತುಂಬುವುದು ಕಷ್ಟವಲ್ಲ. ಕೆಂಪೇಗೌಡರು ಕಟ್ಟಿಸಿದ ಪೇಟೆಯ ಪಶ್ಚಿಮದ ಅಂಚಿನಲ್ಲಿ ಅರಳೆಪೇಟೆಯಿತ್ತು, ಅದೇ ಇಂದಿನ ಕಾಟನ್‌ಪೇಟೆ. ಎಂದರೆ ಮಿಲ್ಲು ಬರುವ ಮೊದಲೇ ಇಲ್ಲಿ ಹತ್ತಿಯ ವ್ಯಾಪಾರವಿತ್ತು. 1864ರಲ್ಲಿ ಮದ್ರಾಸಿನ ಕಡೆಯ ರೈಲು ದಂಡುಪ್ರದೇಶಕ್ಕೆ (ಕಂಟೋನ್ಮೆಂಟಿಗೆ) ಬಂತು, 1880ರ ದಶಕದ ಆರಂಭದಲ್ಲಿ ಮೈಸೂರಿನ ಹಳಿ ಪೂರ್ಣಗೊಂಡಿತು. 1884ರಲ್ಲಿ ಉಣ್ಣೆ, ಹತ್ತಿ, ರೇಷ್ಮೆ ಮೂರನ್ನೂ ಹೆಸರಿನಲ್ಲಿಟ್ಟುಕೊಂಡ ಬೆಂಗಳೂರು ಮಿಲ್ಲು ಸ್ಥಾಪನೆಯಾಗಿ, 1886ರಲ್ಲಿ ಮದ್ರಾಸಿನ ಬಿನ್ನಿ ಕಂಪನಿಯ ಕೈಗೆ ಹೋಯಿತು. ಬಿನ್ನಿಪೇಟೆಗೆ ಹೆಸರು ಬಂದದ್ದು ಅದರಿಂದಲೇ. 1898ರಲ್ಲಿ ಪ್ಲೇಗು ಬಂತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೀದಿ ದೀಪ ಹತ್ತಿತು. 1949ರಲ್ಲಿ ಪೇಟೆಯ ಪುರಸಭೆಯೂ ದಂಡುಪ್ರದೇಶದ ಪುರಸಭೆಯೂ ಒಂದಾಗಿ ನಗರ ಪಾಲಿಕೆಯಾಯಿತು.

ಬಲ ಅಂಕಣ ಬಹುಕಾಲ ಖಾಲಿಯಾಗಿಯೇ ಕಾಣಿಸುತ್ತದೆ. ಧೃತಿಗೆಡಬೇಡಿ. ಎಡ ಅಂಕಣದ ಪ್ರತಿಯೊಂದು ಇಸವಿಯ ಎದುರಿಗೆ ‘ಇದು ನಮ್ಮ ಬೀದಿಗೆ ಯಾವಾಗ ತಲುಪಿತು?’ ಎಂದು ಬರೆದಿಟ್ಟುಕೊಳ್ಳಿ. ನಗರಕ್ಕೆ ದೀಪ ಬಂದ ವರ್ಷಕ್ಕೂ ವಠಾರದ ಕೋಣೆಯೊಂದಕ್ಕೆ ಬಲ್ಬು ಬಂದ ವರ್ಷಕ್ಕೂ ಅರ್ಧ ಶತಮಾನದ ಅಂತರವಿರಬಹುದು, ಮತ್ತು ಆ ಅಂತರವನ್ನು ಅಳೆಯುವುದೇ ಇಂಥ ಚರಿತ್ರೆಯ ಮುಖ್ಯ ಕೆಲಸವೆಂದು ನಾನು ನಂಬಿದ್ದೇನೆ.

ನೀರಿನ ಜಾಡು

ಬಲ ಅಂಕಣವನ್ನು ತುಂಬಲು ನೀರಿನಷ್ಟು ನೆರವಾಗುವ ವಿಷಯ ಮತ್ತೊಂದಿಲ್ಲ. ಹೆಸರಘಟ್ಟದ ನೀರು ನಗರಕ್ಕೆ ಬಂದದ್ದು 1890ರ ದಶಕದಲ್ಲಿ. ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ ಬಂದದ್ದು 1933ರಲ್ಲಿ. ಕಾವೇರಿಯ ಮೊದಲ ಹಂತದ ನೀರು ಹರಿದದ್ದು 1974ರಲ್ಲಿ. ಈ ಮೂರು ಗಡುವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬಾವಿ ಎಲ್ಲಿತ್ತು, ಬೀದಿ ನಲ್ಲಿ ಎಲ್ಲಿತ್ತು, ಮನೆಯೊಳಗೆ ನಲ್ಲಿ ಯಾವಾಗ ಬಂತು ಎಂದು ವಿಚಾರಿಸಿ. ಈ ಪ್ರಶ್ನೆಯನ್ನು ಹೆಂಗಸರಿಗೆ ಕೇಳಬೇಕು. ಗಂಡಸರು ಸಾಮಾನ್ಯವಾಗಿ ‘ನಲ್ಲಿ ಇತ್ತು’ ಎಂದಷ್ಟೇ ಹೇಳಿ ಮುಂದಕ್ಕೆ ಹೋಗುತ್ತಾರೆ. ಶ್ರೀರಾಮಪುರದ ಅಜ್ಜಿಯೊಬ್ಬರು ನಲ್ಲಿಯಲ್ಲಿ ನೀರು ಬರುತ್ತಿದ್ದ ಹೊತ್ತು, ಕೊಡಗಳನ್ನು ಸಾಲಿನಲ್ಲಿಟ್ಟು ಅವುಗಳ ಗುರುತಿಗೆ ಕಟ್ಟುತ್ತಿದ್ದ ಬಟ್ಟೆಯ ಚೂರಿನ ಬಣ್ಣ, ಯಾರ ಕೊಡ ಯಾರ ಕೊಡಕ್ಕೆ ತಾಗಬಾರದೆಂದು ಜಗಳವಾಗುತ್ತಿತ್ತು ಎಂಬುದನ್ನೆಲ್ಲ ಒಂದೂವರೆ ಗಂಟೆ ಹೇಳಿದರು. ಕೊಡ ತಾಗಬಾರದೆಂಬ ಆ ಮಾತಿನಲ್ಲಿ ಜಾತಿಯಿತ್ತು. ಅದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ, ಎರಡನೆಯ ಭೇಟಿಯಲ್ಲಿ ಅವರಾಗಿಯೇ ಹೇಳಿದರು.

ಕೆರೆಗಳನ್ನೂ ಮರೆಯಬೇಡಿ. ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ. ನಿಮ್ಮ ಬಡಾವಣೆಯ ತಗ್ಗಿನ ಬೀದಿಗಳಿಗೆ ಮಳೆಗಾಲದಲ್ಲಿ ನೀರು ನುಗ್ಗುತ್ತಿದ್ದರೆ, ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯನ್ನು ತೆಗೆದು ಆ ಜಾಗದಲ್ಲಿ ಕೆರೆಯೋ ರಾಜಕಾಲುವೆಯೋ ಇತ್ತೇ ಎಂದು ಪರೀಕ್ಷಿಸಿ. ಗ್ರಾಮ ನಕ್ಷೆಗಳು ಈಗ ಇಲಾಖೆಯ ಜಾಲತಾಣದಲ್ಲೇ ಸಿಗುತ್ತವೆ. ನಗರ ನುಂಗಿಹಾಕಿದ ಹಳ್ಳಿಯ ಹೆಸರೂ ಸರ್ವೆ ನಂಬರೂ ನಕ್ಷೆಯಲ್ಲಿ ಉಳಿದಿರುತ್ತವೆ.

ಮನೆಯೇ ಕಾಗದಪತ್ರ

ವಠಾರ ಎಂಬುದು ಬೆಂಗಳೂರಿನ ದುಡಿಯುವ ಜನರ ನಿಜವಾದ ಮನೆ. ಮುಂಭಾಗದಲ್ಲಿ ಮಾಲೀಕರ ಮನೆ, ಪಕ್ಕದ ಓಣಿಯಿಂದ ಒಳಹೊಕ್ಕರೆ ಎದುರುಬದುರು ಕೋಣೆಗಳ ಸಾಲು, ನಡುವೆ ಹಾಸುಗಲ್ಲಿನ ಅಂಗಳ, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ ಮತ್ತು ಒಂದೋ ಎರಡೋ ಕಕ್ಕಸು. ಇಂಥ ವಠಾರಗಳು ದಿನೇ ದಿನೇ ಉರುಳಿ ನಾಲ್ಕಂತಸ್ತಿನ ಕಟ್ಟಡಗಳಾಗುತ್ತಿವೆ. ಆದ್ದರಿಂದ ಇರುವವರ ಒಪ್ಪಿಗೆ ಪಡೆದು ಮೊದಲು ಅಳತೆ ಮಾಡಿ. ಟೇಪು ಹಿಡಿದು ಕೋಣೆಯ ಉದ್ದ, ಅಗಲ, ಬಾಗಿಲಿನ ಎತ್ತರ, ಒಲೆ ಎಲ್ಲಿತ್ತು, ಬಚ್ಚಲು ಎಲ್ಲಿತ್ತು ಎಂಬುದನ್ನು ಚೌಕಳಿ ಹಾಳೆಯ ಮೇಲೆ ಬರೆಯಿರಿ. ಗೋಪಾಲಪುರದಲ್ಲಿ ನಾನು ಅಳೆದ ಒಂದು ಕೋಣೆ ಉದ್ದಕ್ಕೆ 10 ಅಡಿ, ಅಗಲಕ್ಕೆ 8 ಅಡಿಯಿತ್ತು. ಅದರಲ್ಲಿ 7 ಜನ ಇದ್ದರು. ಮೂರು ಪಾಳಿಯಲ್ಲಿ ದುಡಿಯುತ್ತಿದ್ದ ಅಣ್ಣತಮ್ಮಂದಿರಿಗೆ ಒಂದೇ ಚಾಪೆ ಸಾಕಾಗುತ್ತಿತ್ತೆಂದು ಅಲ್ಲಿಯ ಹಿರಿಯರು ಹೇಳಿದಾಗ, ನನ್ನ ಹಾಳೆಯ ಮೇಲಿದ್ದ ಅಳತೆಗೆ ಅರ್ಥ ಬಂತು.

ಚಾವಣಿಯ ಹೆಂಚನ್ನು ಬಿಡಬೇಡಿ. ಮನೆ ಕೆಡವುವ ಸುದ್ದಿ ಸಿಕ್ಕಿದರೆ ಅಂದೇ ಹೋಗಿ ಹೆಂಚಿನ ಅಡಿಭಾಗ ನೋಡಿ. ಕಾರ್ಖಾನೆಯ ಮುದ್ರೆ ಅಲ್ಲಿರುತ್ತದೆ. ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಅದರ ಆಸ್ತಿ ಬ್ರಿಟಿಷ್ ಸರ್ಕಾರದ ವಶವಾಗಿ, ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಸಂಸ್ಥೆಗೆ ಹೋಯಿತು. ಹೀಗಾಗಿ ಬಾಸೆಲ್ ಮಿಷನ್ನಿನ ಮುದ್ರೆಯಿರುವ ಹೆಂಚು ಯುದ್ಧಕ್ಕೆ ಮುಂಚಿನದೆಂದೂ ಕಾಮನ್‌ವೆಲ್ತ್ ಮುದ್ರೆಯದು ಅನಂತರದ್ದೆಂದೂ ಸ್ಥೂಲವಾಗಿ ಹೇಳಬಹುದು. ನಾನು ಒಮ್ಮೆ ಎಡವಿದ್ದು ಇಲ್ಲಿಯೇ. ಮಿಷನ್ನಿನ ಮುದ್ರೆ ನೋಡಿದ ಉತ್ಸಾಹದಲ್ಲಿ ಇಡೀ ವಠಾರವೇ 1914ಕ್ಕಿಂತ ಹಳೆಯದೆಂದು ಬರೆದುಬಿಟ್ಟೆ. ಆಮೇಲೆ ಮನೆಯವರು ತೋರಿಸಿದ ಕ್ರಯಪತ್ರದ ಪ್ರಕಾರ ಕಟ್ಟಡ ಸ್ವಾತಂತ್ರ್ಯಾನಂತರದ್ದು. ಹೆಂಚುಗಳನ್ನು ಪೇಟೆಯಲ್ಲಿ ಕೆಡವಿದ ಯಾವುದೋ ಮನೆಯಿಂದ ಕೊಂಡು ತಂದಿದ್ದರು. ಹೆಂಚು, ಕಂಬ, ಬಾಗಿಲುವಾಡ ಇವು ಊರು ಸುತ್ತುವ ವಸ್ತುಗಳು. ಅವುಗಳ ವಯಸ್ಸನ್ನು ಮನೆಯ ವಯಸ್ಸೆಂದು ತಿಳಿಯದೆ, ಗೋಡೆಯ ಗಾರೆ, ತಳಪಾಯದ ಕಲ್ಲು, ಕಾಗದಪತ್ರ ಎಲ್ಲವನ್ನೂ ಜೊತೆಗಿಟ್ಟು ತೂಗಿನೋಡಿ.

ಮನೆಯೊಳಗಿನ ಟ್ರಂಕಿನಲ್ಲಿರುವ ಕಾಗದಗಳು ಯಾವ ಪತ್ರಾಗಾರಕ್ಕೂ ಕಡಿಮೆಯಲ್ಲ. ಕಂದಾಯದ ರಸೀದಿ, ಭೋಗ್ಯಪತ್ರ, ಕೊಳೆಗೇರಿ ಮಂಡಳಿಯ ಹಕ್ಕುಪತ್ರ, ಪಡಿತರ ಚೀಟಿ, ಭವಿಷ್ಯನಿಧಿಯ ಚೀಟಿ, ಮಕ್ಕಳ ಶಾಲೆಯ ಟಿ.ಸಿ. ಇವುಗಳನ್ನು ಕೇಳಿ. ಲಗ್ನಪತ್ರಿಕೆಗಳನ್ನು ತಪ್ಪದೆ ಕೇಳಿ. ಹುಡುಗನ ಊರು, ಹುಡುಗಿಯ ಊರು, ಮಿಲ್ಲಿನ ಹೆಸರು, ಮನೆಯ ವಿಳಾಸ, ಎಷ್ಟು ಭಾಷೆಗಳಲ್ಲಿ ಅಚ್ಚಾಗಿದೆ ಎಂಬುದೆಲ್ಲ ಒಂದೇ ಕಾಗದದಲ್ಲಿ ದಿನಾಂಕದ ಸಹಿತ ಸಿಗುತ್ತದೆ. ಒಂದು ಬೀದಿಯ 30–40 ಲಗ್ನಪತ್ರಿಕೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿದರೆ ಜನ ಯಾವ ಊರುಗಳಿಂದ ಬಂದರು, ಊರಿನ ನಂಟು ಯಾವಾಗ ಸಡಿಲವಾಯಿತು ಎಂಬುದು ಕಣ್ಣಿಗೆ ಕಟ್ಟುತ್ತದೆ. ಕಾಗದವನ್ನು ಮನೆಗೆ ಒಯ್ಯಬೇಡಿ. ಅಲ್ಲಿಯೇ ಬೆಳಕಿನಲ್ಲಿಟ್ಟು ಫೋಟೊ ತೆಗೆದು ಹಿಂದಿರುಗಿಸಿ.

ಕಚೇರಿಗಳಲ್ಲಿ ಹುಡುಕುವುದು

ಸರ್ಕಾರಿ ಕಡತಗಳಿಗೆ ಮೊದಲು ರಾಜ್ಯ ಪತ್ರಾಗಾರ ಇಲಾಖೆಗೆ ಹೋಗಬೇಕು. 1947ಕ್ಕೆ ಮುಂಚೆ ಬೆಂಗಳೂರಿನಲ್ಲಿ ಎರಡು ಆಡಳಿತಗಳಿದ್ದವೆಂಬುದನ್ನು ನೆನಪಿಡಿ: ಪೇಟೆ ಮತ್ತು ಅದರ ಸುತ್ತಿನ ಬಡಾವಣೆಗಳು ಮೈಸೂರು ಸಂಸ್ಥಾನಕ್ಕೆ, ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟರ ಕೈಕೆಳಗೆ. ನೀವು ಬಿನ್ನಿಪೇಟೆಯವರಾದರೆ ಸಂಸ್ಥಾನದ ಕಡತಗಳನ್ನೂ, ಮರ್ಫಿ ಟೌನ್ ಅಥವಾ ಆಸ್ಟಿನ್ ಟೌನಿನವರಾದರೆ ದಂಡುಪ್ರದೇಶದ ಕಡತಗಳನ್ನೂ ಕೇಳಬೇಕು. ಸಂಸ್ಥಾನದಲ್ಲಿ 1871ರಿಂದಲೇ ಜನಗಣತಿ ನಡೆದಿದೆ. 1951ರಿಂದೀಚೆಗೆ ಜಿಲ್ಲಾ ಜನಗಣತಿ ಕೈಪಿಡಿಗಳಿವೆ. ಆಸ್ತಿ ಕೈಬದಲಾದ ಬಗೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯ ಇ.ಸಿ. (ಋಣಭಾರ ಪ್ರಮಾಣಪತ್ರ) ತಿಳಿಸುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನಗಳ ಗಡುವು. ನನ್ನ ಮೊದಲ ಅರ್ಜಿಯಲ್ಲಿ ‘ಈ ಬಡಾವಣೆಯ ಅಭಿವೃದ್ಧಿಯ ಎಲ್ಲ ದಾಖಲೆಗಳನ್ನು ಒದಗಿಸಿ’ ಎಂದು ಬರೆದಿದ್ದೆ. ಕಚೇರಿಯಿಂದ ‘ಮಾಹಿತಿ ಲಭ್ಯವಿಲ್ಲ’ ಎಂಬ ಒಂದು ಸಾಲು ಬಂತು. ಅನಂತರ ಒಂದೇ ಬೀದಿಯ ಹೆಸರು, ಹತ್ತು ವರ್ಷದ ಅವಧಿ, ಒಳಚರಂಡಿ ಕಾಮಗಾರಿಯ ಮಂಜೂರಾತಿ ಆದೇಶ ಎಂದು ನಿರ್ದಿಷ್ಟವಾಗಿ ಕೇಳಿದಾಗ ಮೂರು ಪುಟಗಳ ಪ್ರತಿ ಕೈಸೇರಿತು. ದೊಡ್ಡದನ್ನು ಕೇಳುವುದಕ್ಕಿಂತ ಚಿಕ್ಕದನ್ನು ಪದೇ ಪದೇ ಕೇಳುವುದು ಲೇಸು.

ಹಿರಿಯರ ಜೊತೆ ಮಾತು

ಇಸವಿ ಕೇಳಬೇಡಿ, ದಿನಚರಿ ಕೇಳಿ. ‘ಎಷ್ಟು ಗಂಟೆಗೆ ಏಳುತ್ತಿದ್ದಿರಿ, ಬುತ್ತಿಯಲ್ಲಿ ಏನಿರುತ್ತಿತ್ತು, ಗೇಟಿನಲ್ಲಿ ಯಾರು ನಿಂತಿರುತ್ತಿದ್ದರು, ಸಂಬಳದ ದಿನ ಗೇಟಿನ ಹೊರಗೆ ಯಾರು ಕಾಯುತ್ತಿದ್ದರು’ ಎಂದು ಕೇಳಿದರೆ ಮಾತು ಹರಿಯುತ್ತದೆ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಡ್ಡಿಯ ಸಾಲ ಕೊಟ್ಟವರು, ಚೀಟಿ ನಡೆಸುವವರು, ಕಿರಾಣಿ ಅಂಗಡಿಯವರು ಎಲ್ಲರೂ ಬರುತ್ತಾರೆ. ಬಡಾವಣೆಯ ಹಣಕಾಸಿನ ಚರಿತ್ರೆ ಅಲ್ಲಿಂದಲೇ ತೆರೆದುಕೊಳ್ಳುತ್ತದೆ. ಮುಷ್ಕರಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಎರಡು ಮುಷ್ಕರಗಳ ನೆನಪು ಒಂದಾಗಿ ಬೆರೆತಿರುವುದು ಸಾಮಾನ್ಯ. ಮಿಲ್ಲಿನ ಮುಷ್ಕರವನ್ನು 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ ಎಚ್.ಎ.ಎಲ್., ಬಿ.ಇ.ಎಲ್., ಎಚ್.ಎಂ.ಟಿ., ಐ.ಟಿ.ಐ. ಮುಂತಾದ ಸಾರ್ವಜನಿಕ ಉದ್ಯಮಗಳಲ್ಲಿ 77 ದಿನ ನಡೆದ ದೊಡ್ಡ ಮುಷ್ಕರದೊಂದಿಗೆ ಸೇರಿಸಿ ಹೇಳಿದವರನ್ನು ನಾನು ಕಂಡಿದ್ದೇನೆ.

ಕಾಲವನ್ನು ನಿರ್ಧರಿಸಲು ನಗರದ ಎಲ್ಲರಿಗೂ ನೆನಪಿರುವ ಘಟನೆಗಳನ್ನು ಗೂಟದಂತೆ ನೆಟ್ಟುಕೊಳ್ಳಿ. 1975ರ ತುರ್ತು ಪರಿಸ್ಥಿತಿ, 1981ರ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿಗೆ ಬೆಂಕಿ ಬಿದ್ದದ್ದು, 1983ರ ಸೆಪ್ಟೆಂಬರಿನಲ್ಲಿ ಗಂಗಾರಾಂ ಕಟ್ಟಡ ಕುಸಿದದ್ದು, 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆ: ಇವುಗಳಿಗೆ ಮೊದಲೋ ಆಮೇಲೋ ಎಂದು ಕೇಳಿದರೆ ಯಾರಾದರೂ ಹೇಳಬಲ್ಲರು. ‘ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗ’ ಎಂದರೆ, ಆ ಮಗಳ ಶಾಲೆಯ ಟಿ.ಸಿ.ಯಲ್ಲಿ ಹುಟ್ಟಿದ ದಿನಾಂಕ ನೋಡಿ, ಟಿ.ಸಿ.ಯ ದಿನಾಂಕವೂ ಶಾಲೆಗೆ ಸೇರಿಸುವ ಅನುಕೂಲಕ್ಕೆ ಬರೆಸಿದ್ದಾಗಿರಬಹುದೆಂಬ ಎಚ್ಚರಿಕೆಯೂ ಇರಲಿ.

1991ರ ಡಿಸೆಂಬರಿನ ಕಾವೇರಿ ಗಲಭೆಯನ್ನು ನೀವಾಗಿ ಎತ್ತಬೇಡಿ. ಈ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವವರು ಒಂದೇ ನಲ್ಲಿಯ ನೀರು ಕುಡಿದು ಬದುಕಿದವರು. ಆ ದಿನಗಳ ನೆನಪು ಹಲವರಿಗೆ ಇನ್ನೂ ನೋವಿನದು. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಹೆಸರು ಬರೆಯಬೇಡಿ. ತಮಿಳಿನಲ್ಲೋ ತೆಲುಗಿನಲ್ಲೋ ಹೇಳಿದ್ದನ್ನು ಅದೇ ಭಾಷೆಯಲ್ಲಿ ಧ್ವನಿಮುದ್ರಿಸಿಕೊಂಡು, ಆಮೇಲೆ ಭಾಷೆ ಬಲ್ಲವರ ನೆರವಿನಿಂದ ಬರೆದುಕೊಳ್ಳಿ.

ಹೆಂಗಸರ ದುಡಿಮೆಗೆ ಬೇರೆಯೇ ಒಂದು ಅಧ್ಯಾಯ ಬೇಕೆಂದು ನಾನು ಹಟದಿಂದ ಹೇಳುತ್ತೇನೆ. ‘ನಿಮ್ಮ ತಾಯಿ ಕೆಲಸಕ್ಕೆ ಹೋಗುತ್ತಿದ್ದರೇ?’ ಎಂದರೆ ಇಲ್ಲವೆನ್ನುವ ಮನೆಯಲ್ಲೇ ಆ ತಾಯಿ ದಿನವಿಡೀ ಹಲಗೆಯ ಮುಂದೆ ಕುಳಿತು ಊದುಬತ್ತಿ ಹೊಸೆದಿರುತ್ತಾರೆ. ಮನೆಯಲ್ಲೇ ಕುಳಿತು ಮಾಡಿದ ಈ ಕೆಲಸಕ್ಕೆ ಹಾಜರಿ ಪುಸ್ತಕವಿಲ್ಲ, ಭವಿಷ್ಯನಿಧಿಯಿಲ್ಲ. ‘ಸಾವಿರಕ್ಕೆ ಎಷ್ಟು ಕೊಡುತ್ತಿದ್ದರು, ಹಿಟ್ಟು ಯಾರು ತಂದುಕೊಡುತ್ತಿದ್ದರು, ತೂಕದಲ್ಲಿ ಎಷ್ಟು ಕಳೆಯುತ್ತಿದ್ದರು’ ಎಂದು ಕೇಳಿ. ಅವರ ಹೆಣ್ಣುಮಕ್ಕಳು ಅನಂತರ ಗಾರ್ಮೆಂಟ್ಸ್‌ಗೆ ಹೋದರೇ ಎಂಬುದನ್ನೂ ಕೇಳಿ; 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ರಸ್ತೆಗಳಿಗಿಳಿದ ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರಲ್ಲಿ ಹೆಚ್ಚಿನವರು ಹೆಂಗಸರೇ ಆಗಿದ್ದರು, ಮತ್ತು ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು.

ಮಿಲ್ಲು ಮುಚ್ಚಿದ ಮೇಲೆ

ಹಲವರ ಬರಹ ಮಿಲ್ಲು ಮುಚ್ಚಿದ ದಿನಕ್ಕೆ ನಿಂತುಬಿಡುತ್ತದೆ. ಬಡಾವಣೆಯ ಚರಿತ್ರೆ ಅಲ್ಲಿಗೆ ಮುಗಿಯುವುದಿಲ್ಲ. ಗೋಪಾಲಪುರದ ಮಿನರ್ವ ಮಿಲ್ಲನ್ನೇ ನೋಡಿ. 1971ರಲ್ಲಿ ಅದರ ಆಡಳಿತವನ್ನು ಕೇಂದ್ರ ಸರ್ಕಾರ ವಹಿಸಿಕೊಂಡಿತು, 1974ರಲ್ಲಿ ನಷ್ಟದ ಜವಳಿ ಮಿಲ್ಲುಗಳ ರಾಷ್ಟ್ರೀಕರಣ ಕಾಯಿದೆಯಡಿ ಅದು ಸರ್ಕಾರದ್ದಾಯಿತು. ಅದನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1980ರ ಜುಲೈ 31ರಂದು, ಸಂವಿಧಾನದ 42ನೇ ತಿದ್ದುಪಡಿಯ ಎರಡು ಸೆಕ್ಷನ್‌ಗಳನ್ನು ರದ್ದುಪಡಿಸಿ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೂ ಮಿತಿಯಿದೆ ಎಂದು ಹೇಳಿತು. ದೇಶದ ಕಾನೂನು ವಿದ್ಯಾರ್ಥಿಗಳೆಲ್ಲ ಈ ಮಿಲ್ಲಿನ ಹೆಸರನ್ನು ಬಲ್ಲರು. ಆ ಮಿಲ್ಲಿನ ಗೇಟಿನಲ್ಲಿ ಹೊಕ್ಕು ಹೊರಬಂದವರ ಹೆಸರುಗಳನ್ನು ಬರೆದಿಡಬೇಕಾದವರು ಮಾಗಡಿ ರಸ್ತೆಯ ನಾವು.

ಮುಚ್ಚಿದ ನಂತರದ ಭಾಗಕ್ಕೆ ಹಣದ ದಾರಿಯನ್ನು ಹಿಡಿಯಿರಿ. ಸ್ವಯಂ ನಿವೃತ್ತಿಯ ಅಥವಾ ಪರಿಹಾರದ ಹಣ ಬಂದಿದ್ದರೆ ಅದು ಎಲ್ಲಿಗೆ ಹೋಯಿತು: ಮಗಳ ಮದುವೆಗೋ, ಆಟೊ ಕೊಳ್ಳಲೋ, ಊರಾಚೆಯ ರೆವಿನ್ಯೂ ಸೈಟಿಗೋ, ಬಡ್ಡಿಯ ಸಾಲ ತೀರಿಸಲೋ? ಹತ್ತು ಮನೆಗಳ ಉತ್ತರ ಬರೆದುಕೊಂಡರೆ ಮುಂದಿನ ಕಾಲು ಶತಮಾನದಲ್ಲಿ ಬಡಾವಣೆ ಏಕೆ ಹಾಗೆ ಬೆಳೆಯಿತೆಂಬುದು ಬಹುಮಟ್ಟಿಗೆ ತಿಳಿಯುತ್ತದೆ. ಅದರ ಜೊತೆಗೆ ಜಮೀನಿನ ದಾರಿಯನ್ನೂ ಹಿಡಿಯಬೇಕು. ಬಿನ್ನಿ ಮಿಲ್ಲಿನ ನೆಲದಲ್ಲಿ ಈಗ ಎತ್ತರದ ವಸತಿ ಸಮುಚ್ಚಯಗಳೂ ಮಾಲೂ ಇವೆ. ಮಲ್ಲೇಶ್ವರದ ಅಂಚಿನ ರಾಜಾ ಮಿಲ್ಲಿನ ಜಾಗದಲ್ಲೂ ಮಾಲು ಎದ್ದಿದೆ, ಅದರ ಮಗ್ಗುಲಲ್ಲೇ 2014ರ ಮಾರ್ಚಿನಿಂದ ಮೆಟ್ರೊ ಓಡುತ್ತಿದೆ. ಆ ಹಳಿಗೆ ಶ್ರೀರಾಮಪುರದಲ್ಲೂ ಒಂದು ನಿಲ್ದಾಣವಿದೆ. ಮೆಟ್ರೊ ಬಂದ ಮೇಲೆ ಬಾಡಿಗೆ ಮತ್ತು ಭೋಗ್ಯದ ಮೊತ್ತ ಎಷ್ಟು ಏರಿತು, ಯಾರು ಬಿಟ್ಟುಹೋದರು, ಅವರ ಜಾಗಕ್ಕೆ ಯಾವ ಊರಿನವರು ಬಂದರು ಎಂಬುದನ್ನು ಇಂದೇ ಕೇಳಿ ಬರೆದಿಟ್ಟರೆ, ಇಪ್ಪತ್ತು ವರ್ಷದ ನಂತರ ಬರೆಯುವವರಿಗೆ ಅದು ಆಸರೆಯಾಗುತ್ತದೆ.

ಬರೆದು ಮುಗಿಸುವ ಹಂತ

ಬರೆಯುವಾಗ ಮೂರು ಬಗೆಯ ವಾಕ್ಯಗಳನ್ನು ಬೇರೆಬೇರೆಯಾಗಿ ಇಡಿ: ಕಾಗದದಲ್ಲಿ ಕಂಡದ್ದು, ಜನ ಹೇಳಿದ್ದು, ನೀವು ಊಹಿಸಿದ್ದು. ‘ಎನ್ನುತ್ತಾರೆ’, ‘ಇದ್ದಿರಬೇಕು’ ಎಂಬ ಮಾತುಗಳನ್ನು ಹಾಕಲು ಸಂಕೋಚಪಡಬೇಡಿ. ಧ್ವನಿಮುದ್ರಣದ ಫೈಲುಗಳಿಗೆ ದಿನಾಂಕ ಮತ್ತು ಬೀದಿಯ ಹೆಸರು ಕೊಟ್ಟು, ಎರಡು ಕಡೆ ಪ್ರತಿ ಇಡಿ. ಸಾಲ, ಜಾತಿ, ಜಗಳ ಇವುಗಳ ಬಗ್ಗೆ ಹೇಳಿದವರ ಹೆಸರನ್ನು, ಅವರು ಒಪ್ಪಿದರೂ, ಮನೆಯ ಉಳಿದವರನ್ನು ಕೇಳದೆ ಅಚ್ಚು ಮಾಡಬೇಡಿ.

ಕರಡು ಸಿದ್ಧವಾದ ಮೇಲೆ ದೊಡ್ಡ ಅಕ್ಷರದಲ್ಲಿ ನಾಲ್ಕೈದು ಪ್ರತಿ ತೆಗೆಸಿ, ಪ್ರತಿ ಎಡಪುಟವನ್ನು ಖಾಲಿ ಬಿಟ್ಟು, ಮಾಹಿತಿ ಕೊಟ್ಟ ಮನೆಗಳಿಗೂ ಹಿರಿಯರು ಕೂರುವ ಟೀ ಅಂಗಡಿಗೂ ಒಂದು ಪೆನ್ನಿನ ಸಹಿತ ಕೊಟ್ಟುಬನ್ನಿ. ಓದಲಾರದವರಿಗೆ ನೀವೇ ಓದಿ ಹೇಳಿ. ಒಂದು ತಿಂಗಳ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಹೋದಾಗ ಎಡಪುಟಗಳಲ್ಲಿ ತಿದ್ದುಪಡಿಗಳಿರುತ್ತವೆ, ಬಿಟ್ಟುಹೋದ ಹೆಸರುಗಳಿರುತ್ತವೆ, ಕೆಲವು ಕಡೆ ಒಂದೇ ಘಟನೆಗೆ ಎರಡು ಕೈಬರಹದಲ್ಲಿ ಎರಡು ಇಸವಿಗಳಿರುತ್ತವೆ. ಎರಡನೆಯ ಸುತ್ತಿನ ಕೆಲಸವನ್ನು ಆ ಪುಟಗಳಿಂದ ಶುರುಮಾಡಿ.